ಕಲ್ಲು ಸಿಕ್ಕಿದೆ, ಊರಿನ ಹೆಸರು ಆಮೇಲೆ ಹೇಳುತ್ತೇನೆ

ಇವರಿಗೆ,
ಹಳೆಯ ಗುಡಿ, ಶಾಸನ, ಸ್ಮಾರಕಗಳನ್ನು ಕಾಯುವ ಹೊಣೆ ಹೊತ್ತ ಎಲ್ಲ ಅಧಿಕಾರಿಗಳಿಗೆ,
ಜೊತೆಗೆ ಶಿಕಾರಿಪುರ ಸೀಮೆಯ ಊರೂರಿನ ಜೀರ್ಣೋದ್ಧಾರ ಸಮಿತಿಯ ಹಿರಿಯರಿಗೆ

ಮಾನ್ಯರೆ,

ನಾನು ಒಂದು ಅವಧಿಗೆ ಗ್ರಾಮ ಪಂಚಾಯ್ತಿ ಸದಸ್ಯೆಯಾಗಿದ್ದವಳು. ಈಗ ಮಾಜಿ. ಎರಡು ಎಮ್ಮೆ, ಒಂದಿಷ್ಟು ಅಡಿಕೆ, ಉಳಿದಿದ್ದರಲ್ಲಿ ಮೆಕ್ಕೆಜೋಳ. ನನ್ನ ಊರಿನ ಹೆಸರನ್ನು ಈ ಪತ್ರದಲ್ಲಿ ಎಲ್ಲೂ ಬರೆದಿಲ್ಲ. ಮರೆತಿದ್ದಲ್ಲ, ಬೇಕಂತಲೇ ಬಿಟ್ಟಿದ್ದೇನೆ. ಯಾಕೆ ಅಂತ ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ನನ್ನ ಅವಧಿಯ ಎರಡನೇ ವರ್ಷ ನಮ್ಮ ಬೀದಿಯ ಒಬ್ಬರಿಗೆ ಆಶ್ರಯ ಮನೆ ಮಂಜೂರಾಯಿತು. ಮಣ್ಣಿನ ಗೋಡೆಯ ಹಳೆ ಮನೆ ಕೆಡವಿ, ಸಂಸಾರವೆಲ್ಲ ದನದ ಕೊಟ್ಟಿಗೆಗೆ ಬಂದು ಕೂತಿತ್ತು. ತಳಪಾಯ ಎದ್ದು, ಅದರ ಜಿಪಿಎಸ್ ಫೋಟೋ ಹೋದರೆ ಮೊದಲ ಬಿಲ್ ಬರುತ್ತದೆ. ಮಳೆಗಾಲ ಹತ್ತಿರ ಬಂದಿತ್ತು. ಅಂಥ ದಿನ ಸಂಜೆ ಏಳರ ಹೊತ್ತಿಗೆ ಆ ಮನೆಯ ಹುಡುಗ ಓಡಿ ಬಂದು, "ಅಕ್ಕ, ಅಪ್ಪ ಕರೀತಿದ್ದಾರೆ, ಯಾರಿಗೂ ಹೇಳಬೇಡ ಅಂದ್ರು" ಅಂದ.

ಹೋದೆ. ತಳಪಾಯದ ಗುಂಡಿಯಲ್ಲಿ ಎದೆಯಷ್ಟು ಆಳಕ್ಕೆ ಒಂದು ಚಪ್ಪಡಿ. ಮುಖ ಕೆಳಗೆ ಮಾಡಿ ಬಿದ್ದಿತ್ತು. ಹಾರೆ ಕೊಟ್ಟು ಎಬ್ಬಿಸಿ, ಗೋಣಿಚೀಲದ ಮೇಲೆ ಮಗುಚಿ ಹಾಕಿದ್ದರು. ಒಂದು ಕೊಡ ನೀರು ಸುರಿದು ಮಣ್ಣು ತೊಳೆದಾಗ ಕೆಳಗಿನ ಸಾಲಿನಲ್ಲಿ ದನಗಳು ಕಂಡವು. ನಾಲ್ಕು ದನ ಮುಂದೆ ನೋಡುತ್ತಿದ್ದವು. ಕೊನೆಯದೊಂದು ಮಾತ್ರ ಕುತ್ತಿಗೆ ಹಿಂದಕ್ಕೆ ತಿರುಗಿಸಿತ್ತು. ಅದರ ಹಿಂದೆ ಬಿಲ್ಲು ಹಿಡಿದ ಒಬ್ಬ. ಅದರ ಮೇಲಿನ ಸಾಲಿನಲ್ಲಿ ಅವನನ್ನೇ ಇಬ್ಬರು ಹೆಂಗಸರು ತೋಳು ಹಿಡಿದು ಎತ್ತಿಕೊಂಡು ಹೋಗುತ್ತಿದ್ದರು. ಎಲ್ಲಕ್ಕಿಂತ ಮೇಲೆ ಲಿಂಗ, ನಂದಿ. ವೀರಗಲ್ಲು ಅಂತ ನನಗೂ ಗೊತ್ತಾಯಿತು. ನಮ್ಮ ಕಡೆ ಇದು ಹೊಸದೇನಲ್ಲ, ಬೇಲಿ ಸಾಲಿನಲ್ಲಿ ಎಷ್ಟೋ ನಿಂತಿವೆ.

ಆದರೆ ಇದರಲ್ಲಿ ಸಾಲುಗಳ ನಡುವಿನ ಪಟ್ಟಿಯಲ್ಲಿ ಅಕ್ಷರ ಇತ್ತು. ಮೊಬೈಲ್ ಟಾರ್ಚನ್ನು ನೇರವಾಗಿ ಹಿಡಿದರೆ ಏನೂ ಕಾಣಲಿಲ್ಲ. ಪಕ್ಕದಿಂದ ಓರೆಯಾಗಿ ಹಿಡಿದೆವು ನೋಡಿ, ಅಕ್ಷರದ ಗುಂಡಿಯೊಳಗೆ ನೆರಳು ಬಿದ್ದು ಸಾಲು ಎದ್ದು ಬಂತು. "ಸ್ವಸ್ತಿ" ಅಂತ ಓದಿದೆ. ಸ್ವಲ್ಪ ಮುಂದೆ "ತುರು" ಅನ್ನುವ ಹಾಗೆ ಕಂಡಿತು. ತುರು ಅಂದರೆ ದನ. ಯಾರದೋ ದನ ಹೊಡೆದುಕೊಂಡು ಹೋಗುತ್ತಿದ್ದಾಗ ಅಡ್ಡ ನಿಂತು ಸತ್ತವನು. ನಾನು ಓದಿದ್ದು ಅಷ್ಟೇ. ಅವನ ಹೆಸರು ಆ ಪಟ್ಟಿಯಲ್ಲೇ ಎಲ್ಲೋ ಇದೆ.

ಮನೆಯಾಕೆ ನನ್ನ ಕೈ ಹಿಡಿದುಕೊಂಡು ಕೇಳಿದಳು: "ಅಕ್ಕ, ಸರ್ಕಾರದವರು ಬಂದು ಬೇಲಿ ಹಾಕ್ತಾರಂತೆ, ಹೌದಾ? ಮನೆ ನಿಂತೋಗತ್ತಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಹತ್ತು ಜನರ ಓಟು ತಗೊಂಡು ಬಂದವಳು ನಾನು. ಆ ಹೊತ್ತಿಗೆ ಯಾರಿಗೆ ಫೋನ್ ಮಾಡಿ ಕೇಳಬೇಕು ಅಂತಲೂ ಗೊತ್ತಿರಲಿಲ್ಲ. "ಮುಚ್ಚಿಬಿಡಿ" ಅಂದೆ. ಹೌದು, ನಾನೇ ಅಂದದ್ದು. ರಾತ್ರೋರಾತ್ರಿ ಆ ಕಲ್ಲನ್ನು ಹಿತ್ತಲಿಗೆ ಎಳೆದು, ಹುಲ್ಲು ಹಾಸಿ, ಮುಖ ಕೆಳಗೆ ಮಾಡಿ ಮಣ್ಣು ಮುಚ್ಚಿದರು. ಒಡೆದು ಕಲ್ಲುಕಟ್ಟಡಕ್ಕೆ ಹಾಕಬೇಡಿ ಅಂತ ಬೇಡಿಕೊಂಡಿದ್ದೊಂದೇ ನಾನು ಮಾಡಿದ ಪುಣ್ಯ. ಮಾರನೇ ದಿನ ತಳಪಾಯ ಎದ್ದಿತು, ಫೋಟೋ ಹೋಯಿತು, ಬಿಲ್ ಬಂತು. ಗೃಹಪ್ರವೇಶಕ್ಕೆ ಹೋಗಿ ಹೋಳಿಗೆಯನ್ನೂ ತಿಂದು ಬಂದೆ.

ನಾನು ಮಾಡಿದ್ದು ತಪ್ಪು. ಒಪ್ಪಿಕೊಂಡೇ ಬರೆಯುತ್ತಿದ್ದೇನೆ. ಆದರೆ ಅಧಿಕಾರಿಗಳೇ, ಈ ತಪ್ಪು ನಮ್ಮ ಸೀಮೆಯಲ್ಲಿ ನಾನೊಬ್ಬಳೇ ಮಾಡಿದ್ದು ಅಂದುಕೊಳ್ಳಬೇಡಿ. "ಕಲ್ಲು ಸಿಕ್ಕರೆ ಬಾಯಿ ಬಿಡಬೇಡ" ಅನ್ನುವುದು ಈಗ ಜೆಸಿಬಿ ಓಡಿಸುವ ಹುಡುಗರಿಗೂ ಗೊತ್ತಿರುವ ಮಾತು. ನಾನು ಈ ಪತ್ರ ಬರೆಯುತ್ತಿರುವುದು ಆ ಮಾತಿನ ಬಗ್ಗೆಯೇ.

ಆಮೇಲೆ ನಾನು ಸುಮ್ನೆ ಕೂರಲಿಲ್ಲ. ಕೇಳಿದೆ, ಓದಿದೆ. ಆಗ ಗೊತ್ತಾಗಿದ್ದು ಕೇಳಿದರೆ ನಿಮಗೆ ನಗು ಬರಬಹುದು, ಯಾಕೆಂದರೆ ನಿಮಗೆ ಅದು ಬಾಯಿಪಾಠ. ಒಂದು ವೀರಗಲ್ಲು ಸಿಕ್ಕಿತು ಅಂದ ಮಾತ್ರಕ್ಕೆ ಯಾರ ಜಾಗವೂ ಸರ್ಕಾರದ್ದಾಗುವುದಿಲ್ಲ. 1958ರ ಕೇಂದ್ರದ ಪ್ರಾಚೀನ ಸ್ಮಾರಕ ಕಾಯ್ದೆ ಪ್ರಕಾರ ಒಂದು ಜಾಗವನ್ನು ರಾಷ್ಟ್ರೀಯ ಮಹತ್ವದ ಸ್ಮಾರಕ ಅಂತ ಘೋಷಿಸಬೇಕಾದರೆ ಮೊದಲು ಎರಡು ತಿಂಗಳ ನೋಟಿಸ್ ಕೊಡಬೇಕು. ಅದರ ಪ್ರತಿಯನ್ನು ಜಾಗದ ಹತ್ತಿರವೇ ಅಂಟಿಸಬೇಕು. ಸಂಬಂಧಪಟ್ಟವರು ಆಕ್ಷೇಪಣೆ ಹಾಕಬಹುದು. ಹೀಗೆ ಇಷ್ಟೆಲ್ಲ ಮೆಟ್ಟಿಲು ಇದೆ. ರಾತ್ರಿ ಸಿಕ್ಕ ಕಲ್ಲಿಗೆ ಬೆಳಿಗ್ಗೆ ಬೇಲಿ ಬೀಳುವುದಿಲ್ಲ. ಈ ಒಂದು ಮಾತು ಆ ಸಂಜೆ ನನಗೆ ಗೊತ್ತಿದ್ದರೆ ಸಾಕಿತ್ತು. ಪಂಚಾಯ್ತಿ ಸದಸ್ಯರಿಗೆ ತರಬೇತಿ ಕೊಡುತ್ತೀರಿ. ಶೌಚಾಲಯದ ಬಗ್ಗೆ, ಕಸದ ಬಗ್ಗೆ, ನರೇಗಾ ಬಗ್ಗೆ ಕೇಳಿದ್ದೇನೆ, ಊಟವೂ ಚೆನ್ನಾಗಿತ್ತು. ನೆಲದಡಿ ಹಳೆ ಕಲ್ಲು ಸಿಕ್ಕರೆ ಏನು ಮಾಡಬೇಕು ಅಂತ ನಾನು ಕೂತ ಯಾವ ತರಬೇತಿಯಲ್ಲೂ ಯಾರೂ ಹೇಳಲಿಲ್ಲ.

ಹೇಳಲೇಬೇಕಾದ ತಾಲ್ಲೂಕು ಇದು, ಅಲ್ವಾ? ಇಲ್ಲಿ ನೆಲ ಅಗೆದರೆ ಏನು ಸಿಗುತ್ತದೆ ಅಂತ ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಕಂಬವನ್ನೇ ತೆಗೆದುಕೊಳ್ಳಿ. 5ನೇ ಶತಮಾನದ್ದು. ಕಂಚಿಗೆ ಓದಲು ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ ಕತೆ ಅದರಲ್ಲಿದೆ. ಕದಂಬರ ರಾಜ್ಯ ಶುರುವಾದ ಕತೆ ನಮಗೆ ಗೊತ್ತಾಗಿದ್ದೇ ಆ ಕಂಬದಿಂದ. ಬರೆದ ಕವಿಯ ಹೆಸರು ಕುಬ್ಜ. ಆದರೆ ಇಷ್ಟೆಲ್ಲ ಕತೆ ಹೇಳಿ ಕೊನೆಗೆ ಅದು ಬಂದು ನಿಲ್ಲುವುದು ಒಂದು ಕೆರೆಗೆ. ಕಾಕುಸ್ಥವರ್ಮ ಕಟ್ಟಿಸಿದ ಕೆರೆ. ಪಂಚಾಯ್ತಿಯಲ್ಲಿ ಇದ್ದವಳು ನಾನು, ನನಗೆ ಅದು ಕಾಮಗಾರಿ ಮುಗಿದ ಮೇಲೆ ನಿಲ್ಲಿಸುವ ಬೋರ್ಡಿನ ಹಾಗೆಯೇ ಕಾಣುತ್ತದೆ. ನಮ್ಮ ಬೋರ್ಡು ಎರಡು ಮಳೆಗೆ ಅಳಿಸಿ ಹೋಗುತ್ತದೆ, ಅಷ್ಟೇ ವ್ಯತ್ಯಾಸ.

ಅದೇ ತಾಳಗುಂದದಲ್ಲಿ 2013ರಲ್ಲಿ ಅಗೆದಾಗ ಸಿಂಹ ಕಟಾಂಜನದ, ಅಂದರೆ ಸಿಂಹ ಕೆತ್ತಿದ ಮೆಟ್ಟಿಲ ಪಕ್ಕದ ಕಲ್ಲಿನ ಮೇಲೆ ಬರೆದ ಶಾಸನ ಸಿಕ್ಕಿತು. ಕ್ರಿ.ಶ. 370ರ ಸುಮಾರಿನದು, ಹಲ್ಮಿಡಿ ಶಾಸನಕ್ಕಿಂತ ಹಳೆಯ ಕನ್ನಡ ಅಂತ ಪುರಾತತ್ವದವರೇ ಹೇಳಿದರು. ಪೇಪರಿನಲ್ಲಿ ಬಂದಾಗ ನಮ್ಮ ಕಡೆಯವರೆಲ್ಲ ಎದೆ ಉಬ್ಬಿಸಿಕೊಂಡು ಓದಿದೆವು. ಅಗೆಯುವ ತನಕ ಅದು ಅಲ್ಲಿದೆ ಅಂತ ಯಾರಿಗೆ ಗೊತ್ತಿತ್ತು? ಅದು ಪುರಾತತ್ವದವರ ಕೈಗೆ ಸಿಕ್ಕಿದ್ದಕ್ಕೆ ಬದುಕಿತು. ಯಾರದೋ ಮನೆಯ ತಳಪಾಯದ ಗುಂಡಿಯಲ್ಲಿ ಸಿಕ್ಕಿದ್ದರೆ? ಮನೆಯಾಕೆ ನನ್ನಂಥವಳನ್ನು ಕರೆದಿದ್ದರೆ? ಆ ಯೋಚನೆ ಬಂದಾಗಲೆಲ್ಲ ನನಗೆ ಹಿತ್ತಲಿನ ಕಲ್ಲು ನೆನಪಾಗುತ್ತದೆ.

ಬಳ್ಳಿಗಾವಿಯಲ್ಲಿ ಕೇದಾರೇಶ್ವರ, ತ್ರಿಪುರಾಂತಕೇಶ್ವರ, 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡದ ಕಂಬ. ಅಲ್ಲಮಪ್ರಭುವಿನ ಊರು. ಅಲ್ಲಿನ ಕೋಡಿಯ ಮಠದ 1162ರ ಶಾಸನದಲ್ಲಿ ಆ ಮಠ ಏನೇನು ಮಾಡುತ್ತಿತ್ತು ಅಂತ ಪಟ್ಟಿ ಇದೆ. ವೇದ, ವ್ಯಾಕರಣ, ದರ್ಶನ ಓದಿಸುತ್ತಿದ್ದರು, ಅದಿರಲಿ. ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಊಟ. ಕಾಯಿಲೆಯವರಿಗೆ ಔಷಧಿ. ಎಲ್ಲ ಜೀವಿಗಳಿಗೂ ಅಭಯ ಕೊಡುವ ಜಾಗ ಅಂತ ಬರೆದಿದ್ದಾರೆ. ಎಂಟುನೂರ ಅರವತ್ತು ವರ್ಷದ ಹಿಂದೆ!

ಬಂದಳಿಕೆಯ ಜಕ್ಕಿಯಬ್ಬೆಯ ಬಗ್ಗೆ ನನಗೆ ಜಾಸ್ತಿ ಅಭಿಮಾನ. ರಾಷ್ಟ್ರಕೂಟರ ಕಾಲದಲ್ಲಿ, 10ನೇ ಶತಮಾನದ ಶುರುವಿನಲ್ಲಿ, ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತ ಅವಳ ಕೈಗೆ ಬಂತು. ಎಪ್ಪತ್ತು ಹಳ್ಳಿಗೆ ಒಬ್ಬಳೇ ಹೆಂಗಸು. ಚೆನ್ನಾಗಿ ಆಳಿದಳು ಅಂತಲೇ ಶಾಸನ ಹೇಳುತ್ತದೆ. ಕೊನೆಗೆ ಕಾಯಿಲೆ ಬಿದ್ದು, ಮಗಳಿಗೆ ಅಧಿಕಾರ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಊಟ ಬಿಟ್ಟು ದೇಹ ತೊರೆಯುವ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟಳು. ಮೀಸಲಾತಿಯಿಂದ ಬಂದವಳು ಅಂತ ನನ್ನನ್ನು ಆಡಿಕೊಂಡವರಿಗೆಲ್ಲ ನಾನು ಈ ಕತೆ ಹೇಳುತ್ತಿದ್ದೆ. ಅವಳ ಹೆಸರು ನಮಗೆ ಗೊತ್ತಿರುವುದು ಒಂದು ಕಲ್ಲಿನಿಂದ. ಆ ಕಲ್ಲೂ ಯಾರದೋ ಹಿತ್ತಲಲ್ಲಿ ಮುಖ ಕೆಳಗೆ ಬಿದ್ದಿದ್ದರೆ ಜಕ್ಕಿಯಬ್ಬೆಯೇ ಇರುತ್ತಿರಲಿಲ್ಲ.

ಈ ಕಲ್ಲುಗಳಿಗೆಲ್ಲ ನಂಬರು ಇದೆ. ಬ್ರಿಟಿಷರ ಕಾಲದಲ್ಲಿ ಬಿ.ಎಲ್. ರೈಸ್ ಊರೂರಿನ ಶಾಸನ ಬರೆಸಿ ಅಚ್ಚು ಹಾಕಿಸಿದರು. ನಮ್ಮ ತಾಲ್ಲೂಕಿನದು ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ 1902ರಲ್ಲಿ ಬಂತು. ತಾಳಗುಂದದ ಕಂಬ ಅದರಲ್ಲಿ ಶಿಕಾರಿಪುರ 176. ನಮ್ಮ ತಾಲ್ಲೂಕಿನದೇ ಮಳವಳ್ಳಿಯ ಕಂಬದ ಎರಡು ಶಾಸನ 263, 264. ಕಾರು, ಮೊಬೈಲು ಇಲ್ಲದ ಕಾಲದಲ್ಲಿ ಮಾಡಿದ ಕೆಲಸ ಅದು. ಆ ಪುಸ್ತಕ ಹಿಡಿದು ಇವತ್ತು ಊರೂರಿಗೆ ಹೋಗಿ, ಯಾವ ಕಲ್ಲು ಇದೆ, ಯಾವುದು ಇಲ್ಲ ಅಂತ ಟಿಕ್ ಹಾಕಿದರೆ ಏನು ಉಳಿದೀತು? ಕೇಂದ್ರದ ಪಟ್ಟಿಯಲ್ಲಿ ಬೋರ್ಡು ಹಾಕಿಸಿಕೊಂಡ ಸ್ಮಾರಕಗಳೇ ಕಾಣೆಯಾಗಿವೆ. 2013ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯವರು ಲೆಕ್ಕ ಹಾಕಿ ದೇಶದಲ್ಲಿ 92 ಸ್ಮಾರಕ ಜಾಗದಲ್ಲೇ ಇಲ್ಲ ಅಂದರು. ಆಮೇಲೆ ಹುಡುಕಿದಾಗ ಕೆಲವು ಸಿಕ್ಕವು, ಕೆಲವು ಅಣೆಕಟ್ಟಿನ ನೀರಿನಲ್ಲಿ, ಕೆಲವು ಪಟ್ಟಣದ ಕಟ್ಟಡಗಳ ಕೆಳಗೆ. ಪಟ್ಟಿಯಲ್ಲಿದ್ದವುಗಳ ಗತಿಯೇ ಇದು. ನಂಬರೇ ಇಲ್ಲದ ನಮ್ಮ ಹಿತ್ತಲಿನ ಕಲ್ಲು ಕಳೆದರೆ ಕಳೆಯಿತು ಅಂತ ಗೊತ್ತಾಗುವುದಾದರೂ ಹೇಗೆ?

ಈಗ ನೂರು ಮೀಟರಿನ ವಿಷಯ. ಜನ ಬಾಯಿ ಮುಚ್ಚಿಕೊಳ್ಳುವುದಕ್ಕೆ ಅಸಲಿ ಕಾರಣ ಇದು.

ಅದೇ 1958ರ ಕಾಯ್ದೆಗೆ 2010ರ ತಿದ್ದುಪಡಿ ಬಂದ ಮೇಲೆ ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್ ಅನುಮತಿ ತಗೊಂಡು ಕಟ್ಟಬೇಕು. ನಿಯಮ ಬೇಡ ಅಂತ ನಾನು ಹೇಳುತ್ತಿಲ್ಲ. ಕೇದಾರೇಶ್ವರದ ಪಕ್ಕ ಮೂರು ಅಂತಸ್ತಿನ ಲಾಡ್ಜ್ ಎದ್ದರೆ ಮೊದಲು ಬಯ್ಯುವವಳು ನಾನೇ. ಆದರೆ ಹಳ್ಳಿಯಲ್ಲಿ ಗುಡಿಯ ಸುತ್ತವೇ ಊರು ಇರುವುದು. ಊರ ಹೊರಗೆ ಗುಡಿ ಕಟ್ಟಿ ಆಮೇಲೆ ಜನ ಬಂದು ಒತ್ತುವರಿ ಮಾಡಿದ್ದಲ್ಲ. ಅಲ್ಲಿ ಅಜ್ಜನ ಕಾಲದಿಂದ ಇದ್ದವರಿಗೆ ಗೋಡೆ ಬಿರುಕು ಬಿಟ್ಟರೂ ಭಯ.

ನನಗೆ ಪರಿಚಯದ ಒಬ್ಬ ಅಜ್ಜಿ ಇದ್ದಾರೆ. ಯಾವ ಊರು ಅಂತ ಇಲ್ಲೂ ಬೇಡ. ಅವರ ಮನೆಯ ಹಿಂದಿನ ಗೋಡೆ ಮಳೆಗೆ ಕುಸಿಯಿತು. ಗುಡಿಯಿಂದ ಎಷ್ಟು ದೂರ ಅಂತ ಅವರಿಗೂ ಗೊತ್ತಿಲ್ಲ, ಊರಲ್ಲಿ ಯಾರಿಗೂ ಗೊತ್ತಿಲ್ಲ. "ಅಲ್ಲಿ ಕೇಳಿ" ಅಂತ ಒಂದು ಕಚೇರಿಯವರು, "ಅದು ನಮ್ಮದಲ್ಲ" ಅಂತ ಇನ್ನೊಂದು ಕಚೇರಿಯವರು. ಆನ್‌ಲೈನಲ್ಲಿ ಅರ್ಜಿ ಹಾಕಿ ಅಂದರು. ಅಜ್ಜಿಗೆ ಬರುವುದು ಹೆಬ್ಬೆಟ್ಟು. ನಾನು ಅವರ ಜೊತೆ ಮೂರು ಸಲ ಬಸ್ ಹತ್ತಿ ಇಳಿದೆ. ಮೂರನೇ ಸಲ ವಾಪಸ್ ಬರುವಾಗ ಅಜ್ಜಿ ಅಂದದ್ದು: "ಆ ಗುಡಿ ಬಿದ್ದೋಗಿದ್ರೆ ನನ್ ಗೋಡೆ ನಿಲ್ತಿತ್ತು ನೋಡು." ಇದೇ ಅಜ್ಜಿ ಸೋಮವಾರ ಸೋಮವಾರ ಅದೇ ಗುಡಿಗೆ ಹೂ ಕೊಡುತ್ತಾರೆ.

ಇದರಲ್ಲಿ ಬೇಸರದ ಸಂಗತಿ ಏನು ಗೊತ್ತಾ? ಕಾಯ್ದೆ ಅಷ್ಟು ಕಲ್ಲುಮನಸ್ಸಿನದೇನಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯಾದರೆ 100 ಮೀಟರ್ ಒಳಗಿದ್ದರೂ ಅನುಮತಿ ಪಡೆದು ರಿಪೇರಿ ಮಾಡಿಕೊಳ್ಳಬಹುದು. ಅಜ್ಜಿಯ ಮನೆ ಅದಕ್ಕಿಂತ ಎಷ್ಟೋ ಹಳೆಯದು. ಅರ್ಜಿಗೆ ಎಷ್ಟು ದಿನದಲ್ಲಿ ಉತ್ತರ ಕೊಡಬೇಕು ಅಂತಲೂ ಕಾಯ್ದೆಯಲ್ಲೇ ಇದೆ. ಒಂದೊಂದು ಸ್ಮಾರಕಕ್ಕೂ ಅದರದೇ ಉಪವಿಧಿ ಮಾಡಬೇಕು ಅಂತಲೂ ಇದೆ. ಇದೆಲ್ಲ ಇರುವುದು ಇಂಗ್ಲಿಷಿನ ಕಾಗದದಲ್ಲಿ. ಅಜ್ಜಿಯ ಕಣ್ಣಿಗೆ ಬಿದ್ದಿರುವುದು ಬೋರ್ಡಿನ ಮೇಲಿನ "ಎರಡು ವರ್ಷ ಜೈಲು, ಒಂದು ಲಕ್ಷ ದಂಡ" ಅನ್ನುವ ಸಾಲು ಮಾತ್ರ. ಅಜ್ಜಿಯ ಕತೆ ಕೇಳಿದ ಪಕ್ಕದೂರಿನವನು ತನ್ನ ಹೊಲದಲ್ಲಿ ಶಾಸನ ಸಿಕ್ಕರೆ ಬಂದು ನಿಮಗೆ ಹೇಳುತ್ತಾನಾ? ಅವನ ಹೊಲದ ಕಲ್ಲಿಗೆ ಆ ನೂರು ಮೀಟರ್ ಅನ್ವಯಿಸುವುದೇ ಇಲ್ಲ. ಅದು ಅವನಿಗೆ ಗೊತ್ತಿಲ್ಲ. ಅವನಿಗೆ ಎಲ್ಲ ಕಲ್ಲೂ ಒಂದೇ, ಎಲ್ಲ ಇಲಾಖೆಯೂ ಒಂದೇ.

ಇನ್ನು ಜೀರ್ಣೋದ್ಧಾರ ಸಮಿತಿಯ ಹಿರಿಯರಿಗೆ ಎರಡು ಮಾತು. ನೀವು ನಮ್ಮವರೇ, ಅಣ್ಣಂದಿರು, ಮಾವಂದಿರು. ಬಯ್ದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಆದರೆ ನಮ್ಮೂರಿನ ಗುಡಿಗೆ ನಾವು ಏನು ಮಾಡಿದೆವು ಅಂತ ಒಂದು ಸಲ ನೋಡೋಣ. ಅದು ಯಾವ ಪಟ್ಟಿಯಲ್ಲೂ ಇಲ್ಲದ ಗುಡಿ. ಕಂಬಗಳು ಕನ್ನಡಿಯ ಹಾಗೆ ನುಣುಪು, ಚಿಕ್ಕವರಿದ್ದಾಗ ಅದರಲ್ಲಿ ಮುಖ ನೋಡಿಕೊಂಡು ನಾಲಿಗೆ ಚಾಚುತ್ತಿದ್ದೆವು. ಈಗ ಅವಕ್ಕೆ ಹಳದಿ ಆಯಿಲ್ ಪೇಂಟು, ಬುಡಕ್ಕೆ ಕೆಂಪು. ಚಾವಣಿ ಸೋರುತ್ತದೆ ಅಂತ ಮೇಲೆ ಕಾಂಕ್ರೀಟ್ ಸುರಿದೆವು. ಆ ಭಾರಕ್ಕೆ ಒಂದು ತೊಲೆ ಬಿರುಕು ಬಿಟ್ಟು, ಈಗ ಕಬ್ಬಿಣದ ಪೈಪು ಕೊಟ್ಟು ನಿಲ್ಲಿಸಿದ್ದೇವೆ. ಸೋರುವುದು ಮಾತ್ರ ನಿಂತಿಲ್ಲ.

ಬಾಗಿಲ ಪಕ್ಕದ ಗೋಡೆಯಲ್ಲಿ ಏಳೆಂಟು ಸಾಲು ಅಕ್ಷರ ಇತ್ತು. ನೆನಪಿದೆಯಾ? ಯಾರೋ ಗುಡಿಯ ದೀಪಕ್ಕೆ ಗದ್ದೆ ಬಿಟ್ಟಿದ್ದು ಅಂತ ಹಿರಿಯರು ಹೇಳುತ್ತಿದ್ದರು. ಅದರ ಮೇಲೆ ಈಗ ಕರಿ ಗ್ರಾನೈಟ್ ಅಂಟಿಸಿ, ಐದು ಸಾವಿರ ಕೊಟ್ಟವರು ಇವರು, ಹತ್ತು ಸಾವಿರ ಕೊಟ್ಟವರು ಇವರು ಅಂತ ಬಂಗಾರದ ಬಣ್ಣದಲ್ಲಿ ಕೆತ್ತಿಸಿದ್ದೇವೆ. ನನ್ನ ಮಾವನವರ ಹೆಸರೂ ಇದೆ, ನಾಲ್ಕನೇ ಸಾಲಿನಲ್ಲಿ. ಈಗ ದಾನ ಕೊಟ್ಟವರ ಹೆಸರು ಹಾಕುವುದಕ್ಕೋಸ್ಕರ, ಅವರಿಗಿಂತ ಎಷ್ಟೋ ಮೊದಲು ದಾನ ಕೊಟ್ಟವನ ಹೆಸರು ಮುಚ್ಚಿದೆವು. ಪಕ್ಕದಲ್ಲಿ ಎರಡಾಳೆತ್ತರದ ಖಾಲಿ ಗೋಡೆ ಇತ್ತು, ಅಲ್ಲಿ ಅಂಟಿಸಬಹುದಿತ್ತು.

ಇವರನ್ನೂ ಪೂರ್ತಿ ತಪ್ಪು ಅನ್ನಲಾರೆ. ಗುಡಿ ಸೋರುತ್ತಿದ್ದದ್ದು ನಿಜ. ಯಾರನ್ನು ಕೇಳಬೇಕು? ಕೇಳಿದರೆ ಎಲ್ಲಿ ಗುಡಿಗೂ ಬೇಲಿ ಬಿದ್ದು ಪೂಜೆ ನಿಲ್ಲುತ್ತದೋ ಅನ್ನುವ ಅದೇ ಹಳೆ ಭಯ. ಹಾಗಾಗಿ ಗೊತ್ತಿದ್ದ ಗಾರೆಯವನನ್ನು ಕರೆಸಿದರು, ಅವನಿಗೆ ಗೊತ್ತಿದ್ದದ್ದು ಸಿಮೆಂಟು.

ನಿಧಿಗಳ್ಳರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಪೇಪರಿನಲ್ಲಿ ಓದುತ್ತಲೇ ಇರುತ್ತೀರಿ. ಅಮಾವಾಸ್ಯೆ ಕಳೆದು ಬೆಳಿಗ್ಗೆ ಹೋದರೆ ಲಿಂಗದ ಪೀಠ ಪಕ್ಕಕ್ಕೆ, ಕೆಳಗೆ ಗುಂಡಿ, ಗುಂಡಿಯಲ್ಲಿ ನಿಂಬೆಹಣ್ಣು. ಒಂದು ಮಾತು ಮಾತ್ರ ಹೇಳುತ್ತೇನೆ. ಯಾವ ಯಾವ ಕಾಡುಗುಡಿಯಲ್ಲಿ ಏನಿದೆ ಅನ್ನುವ ಲೆಕ್ಕ ಈಗ ಅವರ ಹತ್ತಿರ ಇದೆ, ನಿಮ್ಮ ಹತ್ತಿರ ಇಲ್ಲ.

ಇಷ್ಟು ಹೇಳಿದ ಮೇಲೆ ಏನು ಬೇಕು ಅಂತ ಹೇಳದಿದ್ದರೆ ಗ್ರಾಮಸಭೆಯಲ್ಲಿ ಕೂಗಾಡಿ ಎದ್ದು ಹೋದ ಹಾಗಾಗುತ್ತದೆ.

ಮೊದಲಿಗೆ ಒಂದು ಹಾಳೆ ಕೊಡಿ. ಕನ್ನಡದಲ್ಲಿ, ಸಹಿ ಸೀಲು ಸಮೇತ. ಮನೆ ಕಟ್ಟುವಾಗ, ಹೊಲ ಉಳುವಾಗ ವೀರಗಲ್ಲು, ಮಾಸ್ತಿಕಲ್ಲು, ಶಾಸನ ಸಿಕ್ಕರೆ ಯಾರಿಗೆ ತಿಳಿಸಬೇಕು, ಎಷ್ಟು ದಿನದಲ್ಲಿ ಬಂದು ನೋಡುತ್ತಾರೆ, ತಿಳಿಸಿದವರ ಮನೆ ಬಿಲ್ ನಿಲ್ಲುವುದಿಲ್ಲ, ಜಾಗ ಹೋಗುವುದಿಲ್ಲ, ಅವರ ಮೇಲೆ ಕೇಸು ಆಗುವುದಿಲ್ಲ. ಬಂಗಾರ, ನಾಣ್ಯ ಸಿಕ್ಕರೆ ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ಏನು ಮಾಡಬೇಕು ಅಂತಲೂ ಅದರಲ್ಲೇ ಬರೆಯಿರಿ, ಎರಡನ್ನೂ ಕಲಸಿಕೊಂಡೇ ಜನ ಹೆದರುವುದು. ಆ ಹಾಳೆಯನ್ನು ಪ್ರತಿ ಪಂಚಾಯ್ತಿ, ಪ್ರತಿ ಹಾಲಿನ ಡೇರಿ, ಪ್ರತಿ ನ್ಯಾಯಬೆಲೆ ಅಂಗಡಿಯ ಗೋಡೆಗೆ ಅಂಟಿಸಿ. ಜೆಸಿಬಿ ಇಟ್ಟವರಿಗೆ ಕರೆದು ಕೊಡಿ, ನೆಲದೊಳಗಿನದನ್ನು ಎಲ್ಲರಿಗಿಂತ ಮೊದಲು ನೋಡುವವರು ಅವರು.

ಆಮೇಲೆ ಲೆಕ್ಕ. ಪ್ರತಿ ಪಂಚಾಯ್ತಿಯಲ್ಲಿ ಒಂದು ರಿಜಿಸ್ಟರ್ ಇರಲಿ. ಊರಲ್ಲಿರುವ ಒಂದೊಂದು ಕಲ್ಲು, ಹಾಳುಗುಡಿ, ಕಲ್ಯಾಣಿಗೆ ಫೋಟೋ, ಜಾಗ, ನಂಬರು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಹೊಸ ಆಪ್ ಅಂತೂ ಬೇಡವೇ ಬೇಡ. ಆಶ್ರಯ ಮನೆಯ ತಳಪಾಯಕ್ಕೆ ಜಿಪಿಎಸ್ ಫೋಟೋ ತೆಗೆಯುವ ಅದೇ ಫೋನು ವೀರಗಲ್ಲಿಗೂ ಫೋಟೋ ತೆಗೆಯುತ್ತದೆ. ಹೈಸ್ಕೂಲ್ ಮಕ್ಕಳನ್ನು ಕರೆದರೆ ಎರಡು ಭಾನುವಾರದ ಕೆಲಸ. ಟಾರ್ಚನ್ನು ಓರೆ ಹಿಡಿಯುವುದು ನಾನೇ ಹೇಳಿಕೊಡುತ್ತೇನೆ. ಓದುವವರು ಆಮೇಲೆ ಬರಲಿ, ಮೊದಲು ಇದೆ ಅಂತ ಬರೆದಿಡೋಣ.

ಸಂರಕ್ಷಿತ ಗುಡಿಗಳ ಸುತ್ತ ನೂರು ಮೀಟರ್ ಎಲ್ಲಿಗೆ ಮುಗಿಯುತ್ತದೆ ಅಂತ ನೆಲದ ಮೇಲೆ ತೋರಿಸಿ. ನಕ್ಷೆಯನ್ನು ಪಂಚಾಯ್ತಿ ಗೋಡೆಗೆ ಹಾಕಿ. ಅನುಮತಿ ಕೊಡುವವರ ಕಡೆಯಿಂದ ಒಬ್ಬರು ತಿಂಗಳಿಗೊಂದು ದಿನ ನಾಡಕಚೇರಿಗೆ ಬಂದು ಕೂರಲಿ, ಅರ್ಜಿ ಅಲ್ಲೇ ಬರೆಸಿಕೊಳ್ಳಲಿ. ಅಜ್ಜಿ ಅಂಥವರು ಬಸ್ ಹತ್ತುವುದು ತಪ್ಪುತ್ತದೆ.

ಪಟ್ಟಿಯಲ್ಲಿಲ್ಲದ ಗುಡಿಗಳ ಜೀರ್ಣೋದ್ಧಾರಕ್ಕೆ ಮೊದಲು ಗೊತ್ತಿರುವವರು ಒಬ್ಬರು ಬಂದು ನೋಡಿ ಹೇಳುವ ಏರ್ಪಾಡು ಮಾಡಿ. ತಡೆಯುವುದಕ್ಕಲ್ಲ, ಹೇಳಿಕೊಡುವುದಕ್ಕೆ. ಸೋರುವ ಕಲ್ಲಿನ ಚಾವಣಿಗೆ ಸುಣ್ಣದ ಗಾರೆ ಹೇಗೆ ಹಾಕುತ್ತಾರೆ, ಬಣ್ಣ ಹತ್ತಿದ ಕಂಬವನ್ನು ಕೆರೆಯದೆ ಹೇಗೆ ಬಿಡಿಸುತ್ತಾರೆ, ಇಷ್ಟು ತಿಳಿಸಿದರೆ ಸಮಿತಿಯವರು ಕೇಳುತ್ತಾರೆ. ನಮ್ಮೂರಿನವರು ಹಟಮಾರಿಗಳು ಹೌದು, ದಡ್ಡರಲ್ಲ. ಗ್ರಾನೈಟ್ ಅನ್ನು ಶಾಸನಕ್ಕೆ ಪೆಟ್ಟಾಗದ ಹಾಗೆ ತೆಗೆಸುವುದಾದರೆ ನನ್ನ ಮಾವನವರ ಹೆಸರಿನಿಂದಲೇ ಶುರು ಮಾಡಿ, ಅವರ ಒಪ್ಪಿಗೆ ನಾನು ಕೊಡಿಸುತ್ತೇನೆ.

ಇನ್ನೊಂದು ಬೇಡಿಕೆ, ನನಗೆ ಎಲ್ಲಕ್ಕಿಂತ ದೊಡ್ಡದು. ಸಿಕ್ಕ ಕಲ್ಲನ್ನು ಆದಷ್ಟು ಊರಲ್ಲೇ ಇರಲು ಬಿಡಿ. ಹಲ್ಮಿಡಿಯವರ ಊರಲ್ಲಿ ಇವತ್ತು ನಿಂತಿರುವುದು ಪ್ರತಿಕೃತಿ, ಅಸಲು ಕಲ್ಲು ಮೈಸೂರಿಗೆ ಹೋಯಿತು. ಅದು ಅಷ್ಟು ದೊಡ್ಡ ಶಾಸನ, ಕಾಯಬೇಕಿತ್ತು, ಸರಿ. ಆದರೆ ದನ ಕಾಯಲು ಹೋಗಿ ಸತ್ತ ನಮ್ಮೂರಿನ ಹುಡುಗ ದೂರದ ಮ್ಯೂಸಿಯಂನ ಹಿತ್ತಲಲ್ಲಿ ಇಪ್ಪತ್ತನೆಯವನಾಗಿ ನಿಂತರೆ ಯಾರು ನೋಡುತ್ತಾರೆ? ಶಾಲೆಯ ಪಕ್ಕ ನಾಲ್ಕು ಕಂಬ, ಮೇಲೆ ಹೆಂಚು, ಕೆಳಗೆ ಕಟ್ಟೆ. ಅದಕ್ಕಾಗುವ ದುಡ್ಡು ಊರಲ್ಲೇ ಎತ್ತಬಹುದು. ಗ್ರಾನೈಟಿಗೇ ಎತ್ತಿದವರು ನಾವು!

ಮಳೆಗಾಲ ಬಂತೆಂದರೆ ನಾನು ಏನೋ ನೆಪ ಮಾಡಿ ಆ ಮನೆಯ ಹಿತ್ತಲಿಗೆ ಹೋಗಿ ಬರುತ್ತೇನೆ. ಕಲ್ಲು ಹೂತ ಜಾಗದಲ್ಲಿ ಮನೆಯಾಕೆ ಕರಿಬೇವಿನ ಗಿಡ ಹಚ್ಚಿದ್ದಾಳೆ, ಗುರುತಿಗೆ. ಈಗ ಅದು ನನ್ನ ಎತ್ತರಕ್ಕೆ ಬಂದಿದೆ. ಬೇರು ಕಲ್ಲಿನ ಪಕ್ಕಕ್ಕೆ ಇಳಿದಿರುತ್ತದೆ, ಇನ್ನು ನಾಲ್ಕೈದು ವರ್ಷ ಬಿಟ್ಟರೆ ತೆಗೆಯುವುದು ಕಷ್ಟ. ಹೋದ ವಾರ ಅವಳೇ ಕೇಳಿದಳು, "ಅಕ್ಕ, ಅವನ ಹೆಸರು ಏನಿರಬಹುದು?" ಅಂತ.

ಮೇಲೆ ಕೇಳಿದ ಹಾಳೆಯೊಂದನ್ನು ಸಹಿ ಮಾಡಿ ಹೊರಡಿಸಿ. ಪಂಚಾಯ್ತಿ ಗೋಡೆಯ ಮೇಲೆ ಅದನ್ನು ನೋಡಿದ ದಿನವೇ ನಾನು ನಿಮ್ಮ ಕಚೇರಿಗೆ ಬಂದು ಊರಿನ ಹೆಸರು, ಮನೆಯ ನಂಬರು, ಗಿಡ ಎಲ್ಲಿದೆ ಅನ್ನುವುದನ್ನು ಬರೆದುಕೊಡುತ್ತೇನೆ. ಬರುವಾಗ ಹಾರೆ ತರುವುದು ಬೇಡ, ನಮ್ಮಲ್ಲಿದೆ. ಓದಲು ಬರುವವರನ್ನು ಒಬ್ಬರನ್ನು ಕರೆತನ್ನಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮಾಜಿ ಗ್ರಾಮ ಪಂಚಾಯ್ತಿ ಸದಸ್ಯೆ
ಶಿಕಾರಿಪುರ ಸೀಮೆ